ಮೂಗು ಸೀಟುವ ಪಾಠ

ಮಕ್ಕಳಿಗೆ ಅಭ್ಯಾಸ ಕಲಿಸುವ ಆಟಗಳಲ್ಲಿ ಗಟ್ಟಿ ಯಾವುದು, ಟೊಳ್ಳು ಯಾವುದು ಎಂದು ನೋಡಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ತಪ್ಪಾಯಿತು ಎಂದು ಹೇಳುವವರು ಯಾರು? ಅಮ್ಮನೇ ಹೇಳಬೇಕಾದರೆ ಅದು ಆಟದ ವೇಷ ಹಾಕಿದ ಬೈಗುಳ. ಕೈಯಲ್ಲಿರುವ ವಸ್ತುವೇ ಹೇಳಿದರೆ ಆಟ.

ಚಪ್ಪಲಿಯ ಆಟ ನೋಡಿ. ಹೊಸ್ತಿಲಾಚೆ ಮಗುವಿನ ಚಪ್ಪಲಿ ಜೋಡಿಸಿಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅಷ್ಟೇ, ಮುಂದೆ ಮಾತು ಬೇಡ. ಎಡಬಲ ಅದಲುಬದಲಾದರೆ ಚಪ್ಪಲಿ ಗೆರೆಯೊಳಗೆ ಕೂರುವುದಿಲ್ಲ. ಮಗು ತಾನೇ ಬಗ್ಗಿ ತಿರುಗಿಸಿಡುತ್ತದೆ. ಆಮೇಲೆ ಅಪ್ಪನ ಚಪ್ಪಲಿಗೂ ಗೆರೆ ಬೇಕೆಂದು ಹಟ ಹಿಡಿಯುತ್ತದೆ. ಅಪ್ಪ ಸಿಕ್ಕಿಬೀಳುವುದು ಅಲ್ಲೇ! ಕೈ ತೊಳೆಯುವುದೂ ಹಾಗೆಯೇ. ನೀರಿಗೆ ಅಳಿಯುವ ಸ್ಕೆಚ್ ಪೆನ್ನಿನಲ್ಲಿ ಅಂಗೈ ಮೇಲೊಂದು ಹುಳು ಬರೆದು, ಊಟಕ್ಕೆ ಮುಂಚೆ ಇದನ್ನು ಓಡಿಸು ಎನ್ನಿ. ಸೋಪಿನ ನೊರೆ ಬರುವವರೆಗೆ ಉಜ್ಜದೆ ಹುಳು ಜಾಗ ಬಿಡದು. ‘20 ಸೆಕೆಂಡ್ ತೊಳಿ’ ಎಂದರೆ ಮೂರು ವರ್ಷದ ಮಗುವಿಗೆ ಏನು ತಿಳಿದೀತು?

ಈ ವಿದ್ಯೆಯಲ್ಲಿ ಮರಿಯಾ ಮಾಂಟೆಸ್ಸರಿಯನ್ನು ಮೀರಿಸಿದವರನ್ನು ನಾನು ಕಾಣೆ. 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಶಿಶುಮನೆ ತೆರೆದ ಆ ವೈದ್ಯೆ, ಗುಂಡಿ ಹಾಕುವುದನ್ನು ಕಲಿಸಲು ಮರದ ಚೌಕಟ್ಟಿಗೆ ಬಟ್ಟೆಯ ಎರಡು ಪಟ್ಟಿ ಬಿಗಿಸಿದರು. ನಡುವೆ ಒಂದು ಗುಂಡಿ ತಪ್ಪಿದರೆ ಕೊನೆಯಲ್ಲಿ ಒಂದು ಕಾಜ ಖಾಲಿ ಉಳಿಯುತ್ತದೆ. ಟೀಚರ್ ಬಾಯಿ ತೆರೆಯಬೇಕಾಗಿಯೇ ಇಲ್ಲ. ಮೌನದ ಆಟವಂತೂ ಇನ್ನೂ ಸೊಗಸು: ಗದ್ದಲವೆಲ್ಲ ನಿಂತ ಮೇಲೆ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರು ಕರೆಯುವುದು, ಕರೆಸಿಕೊಂಡ ಮಗು ಸದ್ದಾಗದಂತೆ ನಡೆದು ಬರುವುದು. ‘ಸುಮ್ನಿರ್ರೋ’ ಎಂದು ಮೇಜು ಕುಟ್ಟುವ ನಮ್ಮ ತರಗತಿಗಳಲ್ಲಿ ಇದನ್ನೊಮ್ಮೆ ಆಡಿಸಿ ನೋಡಬೇಕು.

ಒಮ್ಮೆ ಆಕೆ ಕರವಸ್ತ್ರ ಹಿಡಿದು, ಸದ್ದಿಲ್ಲದೆ ಮೂಗು ಸೀಟುವುದು ಹೇಗೆಂದು ಮಾಡಿ ತೋರಿಸಿದರು. ಒಂದಿಷ್ಟು ನಗಿಸೋಣ ಎಂಬ ಎಣಿಕೆ ಅವರದು. ಮಕ್ಕಳು ನಗಲಿಲ್ಲ, ಜೋರಾಗಿ ಚಪ್ಪಾಳೆ ತಟ್ಟಿದರು. ಮೂಗು ಸೋರಿದ್ದಕ್ಕೆ ಬೈಸಿಕೊಂಡು ಮುಖ ಸಣ್ಣದು ಮಾಡಿಕೊಂಡಿದ್ದ ಆ ಮಕ್ಕಳಿಗೆ ಅದನ್ನು ಹೀಗೆ ಒರೆಸಿಕೊ ಎಂದು ಸಮಾಧಾನವಾಗಿ ತೋರಿಸಿಕೊಟ್ಟವರೇ ಇರಲಿಲ್ಲ.

ಈಗ ಮನೆಮನೆಯ ಫ್ರಿಜ್ ಬಾಗಿಲಿಗೂ ಸ್ಟಾರ್ ಚಾರ್ಟ್ ಬಂದಿದೆ. ಹಲ್ಲುಜ್ಜಿದರೆ ಒಂದು ಸ್ಟಾರ್, ಹತ್ತಾದರೆ ಚಾಕೊಲೇಟ್. ನನಗಿದು ಹಿಡಿಸದು. ಸ್ಟ್ಯಾನ್‌ಫರ್ಡ್‌ನ ನರ್ಸರಿ ಶಾಲೆಯಲ್ಲಿ ನಡೆದು 1973ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆಂದು ಮೊದಲೇ ಆಸೆ ಹಚ್ಚಿದ ಮಕ್ಕಳು, ಮುಂದೆ ಬಿಡುವಿನ ಹೊತ್ತಿನಲ್ಲಿ ಬಣ್ಣದ ಪೆನ್ನು ಮುಟ್ಟಿದ್ದು ಮಿಕ್ಕವರ ಅರ್ಧದಷ್ಟು. ಉಡುಗೊರೆ ಕೊಟ್ಟೇ ತೀರಬೇಕೆನ್ನುವ ಅಜ್ಜಿಯರು ಬಾಯಿ ಬಿಡದೆ, ಕೆಲಸವಾದ ಮೇಲೆ ತಟ್ಟನೆ ಕೊಡಲಿ. ಹಾಗೆ ಪಡೆದ ಮಕ್ಕಳ ಹುರುಪು ಕುಗ್ಗಿರಲಿಲ್ಲ.