ಕ್ರಯಪತ್ರದ ಮೇಲೆ ನಿಂತ ಕ್ಯಾಂಪಸ್

1838ರ ಜೂನ್ 19ರಂದು ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ, ಜೆಸುಯಿಟ್ ಎಂಬ ಕ್ಯಾಥೊಲಿಕ್ ಧರ್ಮಸಂಘದ ಪಾದ್ರಿಗಳು ಒಂದು ಕರಾರಿಗೆ ಸಹಿ ಹಾಕಿದರು. ಮಾರಿದ್ದು ಜಮೀನಲ್ಲ, ಕಟ್ಟಡವಲ್ಲ, 272 ಮನುಷ್ಯರನ್ನು. ಒಟ್ಟು ಬೆಲೆ 1,15,000 ಡಾಲರ್. ಕೊಂಡವರು ಲೂಯಿಸಿಯಾನಾದ ಇಬ್ಬರು ಎಸ್ಟೇಟ್ ಮಾಲೀಕರಾದ ಹೆನ್ರಿ ಜಾನ್ಸನ್ ಮತ್ತು ಜೆಸ್ಸಿ ಬ್ಯಾಟಿ. ಪಟ್ಟಿಯ ಮೊದಲ ಹೆಸರು ಐಸಾಕ್, ವಯಸ್ಸು 65. ಅದೇ ಪಟ್ಟಿಯಲ್ಲಿ ಎಳೆಯ ಮಕ್ಕಳೂ ಇದ್ದರು. ಮುಂಗಡವಾಗಿ ಬಂದ ಹಣದಲ್ಲಿ ದೊಡ್ಡ ಪಾಲು ಹೋದದ್ದು ಸಾಲದಲ್ಲಿ ಮುಳುಗಿದ್ದ ಒಂದು ಕಾಲೇಜನ್ನು ಉಳಿಸಲಿಕ್ಕೆ.

ಆ ಕಾಲೇಜೇ ಇಂದಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ. ವಾಷಿಂಗ್ಟನ್ ನಗರದಲ್ಲಿ ಪೊಟೊಮ್ಯಾಕ್ ನದಿಗೆ ಮುಖ ಮಾಡಿದ ದಿಬ್ಬದ ಮೇಲಿರುವ ಇದು ಅಮೆರಿಕದ ಅತ್ಯಂತ ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯ. ಮುಂದೆ ಆ ದೇಶದ ಮೊದಲ ಕ್ಯಾಥೊಲಿಕ್ ಬಿಷಪ್ ಆದ ಜಾನ್ ಕ್ಯಾರಲ್ ಇದರ ಸ್ಥಾಪಕರು. ವಿಶ್ವವಿದ್ಯಾಲಯವು 1789ನ್ನು ತನ್ನ ಹುಟ್ಟಿದ ವರ್ಷವೆಂದು ಎಣಿಸುತ್ತದೆ. 1919ರಲ್ಲಿ ಎಡ್ಮಂಡ್ ವಾಲ್ಶ್ ಎಂಬ ಪಾದ್ರಿ ಇಲ್ಲಿ ಆರಂಭಿಸಿದ ವಿದೇಶಾಂಗ ಅಧ್ಯಯನ ಶಾಲೆಯಲ್ಲಿ ರಾಯಭಾರಿಗಳು, ಸಂಸದರು ತಯಾರಾಗಿದ್ದಾರೆ. 1968ರ ಪದವೀಧರ ಬಿಲ್ ಕ್ಲಿಂಟನ್ ಅಲ್ಲಿಯೇ ಓದಿದವರು. ಇಂಥ ಸಂಸ್ಥೆಯೊಂದು ತನ್ನ ಪಾಪದ ಲೆಕ್ಕವನ್ನು ತಾನೇ ತೆಗೆದು ಓದಿದ್ದು ಹೇಗೆ, ಓದಿದ ಮೇಲೆ ಏನು ಮಾಡಿತು ಎಂಬುದನ್ನು ಒರೆಗೆ ಹಚ್ಚಿ ನೋಡಬೇಕು.

ಮಾರಾಟದ ಸಂಗತಿ ಗುಟ್ಟಾಗಿರಲಿಲ್ಲ. ಕಾಲೇಜಿನ ಅಧ್ಯಕ್ಷರಾಗಿದ್ದು ಆಮೇಲೆ ಜೆಸುಯಿಟರ ಪ್ರಾಂತಾಧಿಕಾರಿಯಾದ ಥಾಮಸ್ ಮುಲೆಡಿ ಈ ವ್ಯವಹಾರ ಕುದುರಿಸಿದರು. ಇನ್ನೊಬ್ಬ ಜೆಸುಯಿಟ್ ಪಾದ್ರಿ ವಿಲಿಯಂ ಮೆಕ್‌ಶೆರ್ರಿ ಜೊತೆಗಿದ್ದರು. ರೋಮಿನಲ್ಲಿದ್ದ ಜೆಸುಯಿಟ್ ಮಹಾಧಿಪತಿ ಯಾನ್ ರೂಥಾನ್ ಮಾರಾಟಕ್ಕೆ ಒಪ್ಪುವಾಗ ಷರತ್ತು ಹಾಕಿದ್ದರು: ಕುಟುಂಬಗಳನ್ನು ಒಡೆಯಬಾರದು, ಅವರ ಧರ್ಮಾಚರಣೆಗೆ ಅಡ್ಡಿಯಾಗಬಾರದು, ಬಂದ ಹಣದಿಂದ ಸಾಲ ತೀರಿಸಬಾರದು. ಮೂರೂ ಮುರಿದುಬಿದ್ದವು. ಇವೆಲ್ಲ ಜೆಸುಯಿಟರ ಕಾಗದಪತ್ರಗಳಲ್ಲೇ ಇದ್ದವು. ಇತಿಹಾಸಕಾರರು ಓದಿದ್ದರು, ಬರೆದಿದ್ದರು. 1990ರ ದಶಕದಲ್ಲಿ ಅಲ್ಲಿನ ಅಮೆರಿಕನ್ ಅಧ್ಯಯನ ವಿಭಾಗ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನೂ ಮಾಡಿತ್ತು. ಕೊರತೆಯಿದ್ದದ್ದು ಮಾಹಿತಿಯದಲ್ಲ. ತಿಳಿದದ್ದು ಗ್ರಂಥಾಲಯದ ಕಪಾಟಿನಿಂದ ಆಡಳಿತ ಕಚೇರಿಯ ಮೇಜಿಗೆ ಬಂದಿರಲಿಲ್ಲ.

ಬರದೆ ಉಳಿದದ್ದೇಕೆ ಎಂಬುದಕ್ಕೆ ಉತ್ತರ ಕ್ಯಾಂಪಸ್ಸಿನ ಕಲ್ಲುಗಳಲ್ಲೇ ಇದೆ. ವಿಶ್ವವಿದ್ಯಾಲಯದ ಗುರುತಾದ, ಗಡಿಯಾರದ ಗೋಪುರವಿರುವ ಹೀಲಿ ಹಾಲ್ ಕಟ್ಟಲು ಆರಂಭವಾದದ್ದು 1877ರಲ್ಲಿ, ಅಧ್ಯಕ್ಷ ಪ್ಯಾಟ್ರಿಕ್ ಹೀಲಿ ಅವರ ಕಾಲದಲ್ಲಿ. ಜಾರ್ಜಿಯಾದಲ್ಲಿ ಐರಿಶ್ ಮೂಲದ ಎಸ್ಟೇಟ್ ಮಾಲೀಕನಿಗೂ ಗುಲಾಮಳಾಗಿದ್ದ ಮೇರಿ ಎಲೈಜಾಳಿಗೂ ಹುಟ್ಟಿದ ಮಗ ಈ ಹೀಲಿ. ಬೆಲ್ಜಿಯಂನ ಲೂವೆನ್‌ನಲ್ಲಿ ಡಾಕ್ಟರೇಟ್ ಪಡೆದರು, 1874ರಿಂದ 1882ರವರೆಗೆ ಸಂಸ್ಥೆಯನ್ನು ನಡೆಸಿದರು. ಆದರೆ ಅವರು ಬದುಕಿದ್ದು ಬಿಳಿಯರೆಂದೇ. ತಾಯಿಯ ಕಥೆಯನ್ನು ಮುಚ್ಚಿಟ್ಟರಷ್ಟೇ ಆ ಕುರ್ಚಿ ಸಿಗುತ್ತಿತ್ತು. ಕಪ್ಪು ವಿದ್ಯಾರ್ಥಿಗಳಿಗೆ ಇಲ್ಲಿನ ಪದವಿ ತರಗತಿಗಳ ಬಾಗಿಲು ತೆರೆದದ್ದು 20ನೇ ಶತಮಾನದ ನಡುಭಾಗದಲ್ಲಿ. ವಿಶ್ವವಿದ್ಯಾಲಯದ ನೀಲಿ ಮತ್ತು ಬೂದು ಬಣ್ಣಗಳ ಹಿನ್ನೆಲೆಯೂ ಇಂಥದ್ದೇ. ಅಂತರ್ಯುದ್ಧದಲ್ಲಿ ಇಲ್ಲಿ ಓದಿದವರು ಎರಡೂ ಕಡೆ ಕಾದಾಡಿದರು, ಹೆಚ್ಚಿನವರು ದಕ್ಷಿಣದ ಪರ. ಯುದ್ಧ ಮುಗಿದ ಮೇಲೆ, 1876ರಲ್ಲಿ, ಎರಡು ಸೇನೆಗಳ ಸಮವಸ್ತ್ರದ ಬಣ್ಣಗಳನ್ನು ಸೇರಿಸಿ ಐಕ್ಯದ ಸಂಕೇತ ಮಾಡಿಕೊಂಡರು. ಉತ್ತರದ ಬಿಳಿಯರೂ ದಕ್ಷಿಣದ ಬಿಳಿಯರೂ ರಾಜಿಯಾದರು. ಯಾರ ಬಿಡುಗಡೆಗಾಗಿ ಯುದ್ಧ ನಡೆದಿತ್ತೋ ಅವರಿಗೆ ಆ ರಾಜಿಯಲ್ಲಿ ಜಾಗವಿರಲಿಲ್ಲ.

ಆದರೂ ಈ ಸಂಸ್ಥೆಯನ್ನು ಕಪಟವೆಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಇಲ್ಲಿನ ಕ್ಯಾಂಪಸ್ ಬದುಕಿನಲ್ಲಿ ಬೇರೆಯವರಿಗೆ ಜಾಗ ಮಾಡಿಕೊಡುವ ಗುಣ ನಿಜಕ್ಕೂ ಇದೆ. 1999ರಲ್ಲಿ ಇಮಾಮ್ ಯಾಹ್ಯಾ ಹೆಂದಿ ಅವರನ್ನು ಪೂರ್ಣಾವಧಿ ಮುಸ್ಲಿಂ ಚಾಪ್ಲೆನ್ (ಧಾರ್ಮಿಕ ಮಾರ್ಗದರ್ಶಿ) ಆಗಿ ನೇಮಿಸಿಕೊಂಡಾಗ, ಅಮೆರಿಕದ ವಿಶ್ವವಿದ್ಯಾಲಯಗಳಲ್ಲೇ ಅದು ಮೊದಲು. 2016ರಲ್ಲಿ ಹಿಂದೂ ವಿದ್ಯಾರ್ಥಿಗಳ ಧಾರ್ಮಿಕ ಬದುಕಿಗಾಗಿಯೇ ಒಬ್ಬ ನಿರ್ದೇಶಕರು ಬಂದರು. ಧರ್ಮಾಲಯ ಎಂಬ ಹೆಸರಿನ ಪ್ರಾರ್ಥನಾ ಸ್ಥಳವೂ ಆಯಿತು. 2023ರಲ್ಲಿ ಕ್ಯಾಂಪಸ್ಸಿನ ಮಸೀದಿಗೆ ‘ಯಾರೋ ಮಾಮೌಟ್’ ಎಂಬವರ ಹೆಸರಿಟ್ಟರು. ಪಶ್ಚಿಮ ಆಫ್ರಿಕಾದಿಂದ ಗುಲಾಮನಾಗಿ ಬಂದು, 1796ರಲ್ಲಿ ಬಿಡುಗಡೆ ಪಡೆದು, ವಿಶ್ವವಿದ್ಯಾಲಯವಿರುವ ಜಾರ್ಜ್‌ಟೌನ್ ಪ್ರದೇಶದಲ್ಲೇ ಮನೆ ಕೊಂಡ ಮುಸ್ಲಿಂ ಅವರು. ಪಾದ್ರಿಗಳ ಸಂಸ್ಥೆಯೊಂದು ಅನ್ಯಧರ್ಮದ ಮಕ್ಕಳಿಗೆ ಹೀಗೆ ನೆಲೆ ಕೊಟ್ಟದ್ದು ಸಣ್ಣ ಮಾತಲ್ಲ.

ಆಟದ ಅಂಗಳದಲ್ಲೂ ಅಷ್ಟೇ. 1972ರಿಂದ 1999ರವರೆಗೆ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್ ಆಗಿದ್ದ ಜಾನ್ ಥಾಂಪ್ಸನ್, 1984ರಲ್ಲಿ ರಾಷ್ಟ್ರೀಯ ಕಾಲೇಜು ಪಟ್ಟ ಗೆದ್ದ ಮೊದಲ ಕಪ್ಪು ಕೋಚ್. ಅವರ ಬಳಿ ನಾಲ್ಕು ವರ್ಷ ಪೂರೈಸಿದ ಆಟಗಾರರಲ್ಲಿ ಶೇ. 97ರಷ್ಟು ಮಂದಿ ಪದವಿ ಪಡೆದರು. ಗಾಳಿ ಹೋದ ಚೆಂಡೊಂದನ್ನು ಅವರು ಕಚೇರಿಯಲ್ಲೇ ಇಟ್ಟುಕೊಂಡಿದ್ದರು. ಆಟ ಮುಗಿದ ಮೇಲೂ ಬದುಕಿದೆ ಎಂದು ಹುಡುಗರಿಗೆ ನೆನಪಿಸಲು. 1989ರ ಜನವರಿಯಲ್ಲಿ, ಬಡ ಕುಟುಂಬಗಳ ಆಟಗಾರರಿಗೆ ವಿದ್ಯಾರ್ಥಿವೇತನ ತಪ್ಪಿಸುವಂತಿದ್ದ ಹೊಸ ನಿಯಮವೊಂದನ್ನು ವಿರೋಧಿಸಿ ಪಂದ್ಯ ಶುರುವಾಗುವ ಮೊದಲೇ ಅಂಗಳ ಬಿಟ್ಟು ಹೊರನಡೆದರು. ದೇಶವೇ ಆ ನಿಯಮದ ಬಗ್ಗೆ ಮಾತಾಡುವಂತಾಯಿತು.

ಗುಲಾಮರ ಮಾರಾಟದ ವಿಷಯದಲ್ಲಿ ಸಂಸ್ಥೆಯನ್ನು ಎಬ್ಬಿಸಿದವರು ವಿದ್ಯಾರ್ಥಿಗಳು. 2015ರಲ್ಲಿ ದುರಸ್ತಿಯಾದ ಹಳೆಯ ಕಟ್ಟಡವೊಂದು ಹಾಸ್ಟೆಲ್ ಆಗಿ ತೆರೆದಾಗ ಅದರ ಮೇಲೆ ಮುಲೆಡಿಯ ಹೆಸರು ಹಾಗೇ ಇತ್ತು. ವಿದ್ಯಾರ್ಥಿ ಪತ್ರಿಕೆಯಲ್ಲಿ ಲೇಖನಗಳು ಬಂದವು. ಆ ವರ್ಷದ ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷ ಜಾನ್ ಡಿಜೋಯಾ ಅವರ ಕಚೇರಿಯ ಹೊರಗೆ ಧರಣಿ ಕೂತರು. ಕೆಲವೇ ದಿನಗಳಲ್ಲಿ ಮುಲೆಡಿ ಮತ್ತು ಮೆಕ್‌ಶೆರ್ರಿ ಹೆಸರುಗಳು ಅವರವರ ಕಟ್ಟಡಗಳಿಂದ ಕೆಳಗಿಳಿದವು. 2016ರಲ್ಲಿ, ಈ ಇತಿಹಾಸದ ಅಧ್ಯಯನಕ್ಕೆ ಸಂಸ್ಥೆ ನೇಮಿಸಿದ್ದ ಸಮಿತಿಯ ವರದಿ ಬಂತು. 2017ರ ಏಪ್ರಿಲ್ 18ರಂದು ಮಾರಾಟವಾದವರ ವಂಶಜರ ಎದುರಿನಲ್ಲಿ ಸಂಸ್ಥೆಯೂ ಜೆಸುಯಿಟರೂ ಕ್ಷಮೆ ಕೇಳಿದರು.

ಇಲ್ಲಿಂದ ಮುಂದಿನ ಕೆಲಸವನ್ನು ಮೂರು ಭಾಗವಾಗಿ ತೂಗಬೇಕು.

ಮೊದಲನೆಯದು ಹೆಸರು. ಮುಲೆಡಿಯ ಕಟ್ಟಡಕ್ಕೆ ಐಸಾಕ್ ಹಾಕಿನ್ಸ್ ಹೆಸರು ಬಂತು. ಮಾರಾಟದ ಪಟ್ಟಿಯ ಆ ಮೊದಲ ಹೆಸರಿಗೆ ಕೊನೆಗೂ ಮರ್ಯಾದೆಯ ಜಾಗ ದೊರೆಯಿತು. ಮೆಕ್‌ಶೆರ್ರಿಯ ಕಟ್ಟಡ ಆನ್ ಮೇರಿ ಬೆಕ್ರಾಫ್ಟ್ ಹಾಲ್ ಆಯಿತು. 1820ರ ದಶಕದಲ್ಲಿ ಜಾರ್ಜ್‌ಟೌನಿನಲ್ಲೇ ಕಪ್ಪು ಹೆಣ್ಣುಮಕ್ಕಳಿಗೆ ಶಾಲೆ ನಡೆಸಿ, ಆಮೇಲೆ ಸನ್ಯಾಸಿನಿಯಾದವರು ಆಕೆ. ಈ ಆಯ್ಕೆಯಲ್ಲಿ ವಿವೇಕವಿದೆ. ಒಂದು ಹೆಸರು ನಷ್ಟವನ್ನು ನೆನಪಿಸಿದರೆ, ಇನ್ನೊಂದು ಆ ಕಾಲದಲ್ಲೂ ಸರಿಯಾದದ್ದನ್ನು ಮಾಡಲು ಸಾಧ್ಯವಿತ್ತೆಂದು ತೋರಿಸುತ್ತದೆ. ‘ಅಂದಿನ ಕಾಲವೇ ಹಾಗಿತ್ತು’ ಎಂಬ ಸಮರ್ಥನೆಗೆ ಬೆಕ್ರಾಫ್ಟ್ ಅವರ ಶಾಲೆಯೇ ಉತ್ತರ.

ಎರಡನೆಯದು ಪ್ರವೇಶ. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆಯೇ ಮಾರಾಟವಾದವರ ವಂಶಜರಿಗೂ ಸಿಗುತ್ತದೆ ಎಂದು 2016ರಲ್ಲಿ ಸಂಸ್ಥೆ ಘೋಷಿಸಿತು. ಮರುವರ್ಷ 63ರ ಹರೆಯದ ವಂಶಜೆಯೊಬ್ಬರು ವಿದ್ಯಾರ್ಥಿನಿಯಾಗಿ ಸೇರಿದ್ದು ಸುದ್ದಿಯಾಯಿತು. ವಂಶಜರನ್ನು ತನ್ನ ಕುಟುಂಬದವರೆಂದು ಸಂಸ್ಥೆ ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಆ ಆದ್ಯತೆಯ ಜೊತೆಗೆ ವಿದ್ಯಾರ್ಥಿವೇತನ ಬರಲಿಲ್ಲ. ದುಬಾರಿ ಖಾಸಗಿ ವಿಶ್ವವಿದ್ಯಾಲಯದಲ್ಲಿ ಶುಲ್ಕದ ಮಾತೆತ್ತದ ಆದ್ಯತೆಯಿಂದ ಎಷ್ಟು ಜನರಿಗೆ ಪ್ರಯೋಜನ?

ಮೂರನೆಯದು ಹಣ. ಸಂಸ್ಥೆ ಎಡವಿದ್ದು ಇಲ್ಲಿ. 2019ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳೇ ಮತದಾನ ನಡೆಸಿ, ಪ್ರತಿ ಸೆಮಿಸ್ಟರಿಗೆ ತಲಾ 27.20 ಡಾಲರ್ ಶುಲ್ಕವನ್ನು ತಮ್ಮ ಮೇಲೆ ತಾವೇ ಹಾಕಿಕೊಳ್ಳಲು ಒಪ್ಪಿದರು. ಪರವಾಗಿ ಬಿದ್ದ ಮತ ಶೇ. 66. ಆ ಮೊತ್ತ 272ರ ನೆನಪಿನದು. ಆಡಳಿತ ಮಂಡಳಿ ಈ ತೀರ್ಮಾನವನ್ನು ಹಾಗೆಯೇ ಜಾರಿಗೆ ತರಲಿಲ್ಲ. ಬದಲಿಗೆ, ವಿದ್ಯಾರ್ಥಿಗಳ ಶುಲ್ಕದಿಂದ ಬರಬಹುದಾಗಿದ್ದಷ್ಟೇ ಮೊತ್ತವನ್ನು, ಅಂದರೆ ವರ್ಷಕ್ಕೆ ಸುಮಾರು 4 ಲಕ್ಷ ಡಾಲರನ್ನು, ದೇಣಿಗೆಯಿಂದ ಸಂಗ್ರಹಿಸುವುದಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಹೇಳಿತು. ಮೊತ್ತ ಬದಲಾಗದಿದ್ದರೂ ಅದರ ಸ್ವರೂಪ ಬದಲಾಯಿತು. ವಿದ್ಯಾರ್ಥಿಗಳು ಸಾಲವೆಂದು ತೀರಿಸಹೊರಟದ್ದನ್ನು ಸಂಸ್ಥೆ ದಾನವಾಗಿಸಿತು. ದಾನ ಕೊಡುವವನ ಮನಸ್ಸಿಗೆ ಬಿಟ್ಟದ್ದು. ಸಾಲ ಹಾಗಲ್ಲ, ಕೇಳುವ ಹಕ್ಕು ಪಡೆಯಬೇಕಾದವನಿಗೆ ಇರುತ್ತದೆ.

ವಿರೋಧಿಸಿದ ಮೂರನೇ ಒಂದು ಪಾಲು ವಿದ್ಯಾರ್ಥಿಗಳ ಮಾತಿನಲ್ಲೂ ಹುರುಳಿತ್ತು. ನಿನ್ನೆ ಮೊನ್ನೆ ಅಮೆರಿಕಕ್ಕೆ ಬಂದ ವಲಸಿಗರ ಮಕ್ಕಳು, ಸಾಲ ಮಾಡಿ ಓದುವವರು 1838ರ ಬಾಕಿಯನ್ನು ಏಕೆ ತೀರಿಸಬೇಕು? ನ್ಯಾಯವಾದ ಪ್ರಶ್ನೆ. ಅದಕ್ಕೆ ನ್ಯಾಯವಾದ ಉತ್ತರವೆಂದರೆ, ತೀರಿಸಬೇಕಾದವರು ವಿದ್ಯಾರ್ಥಿಗಳಲ್ಲ, ಸಂಸ್ಥೆ. ಅದರ ದತ್ತಿನಿಧಿ 300 ಕೋಟಿ ಡಾಲರ್ ಮೀರಿದೆ. 2021ರಲ್ಲಿ ಜೆಸುಯಿಟರು ವಂಶಜರ ಜೊತೆ ಸೇರಿ ಕಟ್ಟಿದ ಪ್ರತಿಷ್ಠಾನಕ್ಕೆ 10 ಕೋಟಿ ಡಾಲರ್ ಕೂಡಿಸುವ ಮಾತು ಕೊಟ್ಟರು; 2023ರಲ್ಲಿ ವಿಶ್ವವಿದ್ಯಾಲಯ ಅದಕ್ಕೆ 1 ಕೋಟಿ ಡಾಲರ್ ಕೊಟ್ಟಿತು. ದಿಕ್ಕು ಸರಿಯಿದೆ, ಪ್ರಮಾಣ ಸಾಲದು.

ಕನ್ನಡ ಓದುಗರಿಗೆ ಇದು ತೀರ ದೂರದ ಕಥೆಯಲ್ಲ. ಇದೇ ಜೆಸುಯಿಟರು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. 1882ರಲ್ಲಿ ಶುರುವಾಗಿದ್ದ ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು 1937ರಲ್ಲಿ ವಹಿಸಿಕೊಂಡರು. ಅಮೆರಿಕದ ಗುಲಾಮಗಿರಿಯ ಲೆಕ್ಕ ಇಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ಮಠ, ಚರ್ಚು, ಸರ್ಕಾರ ಯಾವುದೇ ನಡೆಸಲಿ, ನಮ್ಮ ಹಳೆಯ ವಿದ್ಯಾಸಂಸ್ಥೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆ ತಿರುವಿದರೆ ಸಾಮಾನ್ಯವಾಗಿ ಕಾಣುವುದು ಸ್ಥಾಪಕರು, ಪ್ರಾಂಶುಪಾಲರು, ದಾನಿಗಳು. ಕಲ್ಲು ಹೊತ್ತವರು, ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಂದವರು, ಬಾಗಿಲಲ್ಲೇ ತಡೆಯಲ್ಪಟ್ಟ ಜಾತಿಗಳ ಮಕ್ಕಳು ಅಪರೂಪ. ಜಾರ್ಜ್‌ಟೌನ್ ತನ್ನ ಕಡತಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಈ ಒಂದು ಕೆಲಸದಲ್ಲಿ ಅದನ್ನು ಅನುಸರಿಸಲು ಯಾವ ಸಂಸ್ಥೆಯೂ ಹಿಂಜರಿಯಬೇಕಿಲ್ಲ.

ಒಟ್ಟಿನಲ್ಲಿ, ದಾಖಲೆಯನ್ನು ಬಯಲಿಗಿಟ್ಟ ಪ್ರಾಮಾಣಿಕತೆಗೂ ಹೆಸರು ಬದಲಿಸಿದ ರೀತಿಗೂ ಜಾರ್ಜ್‌ಟೌನ್ ಪೂರ್ಣ ಮೆಚ್ಚುಗೆಗೆ ಅರ್ಹ. ಪ್ರವೇಶದ ಆದ್ಯತೆ ಅರ್ಧ ಮಾಡಿದ ಕೆಲಸ. ವಂಶಜರಿಗೆ ಪೂರ್ಣ ಶುಲ್ಕ ವಿನಾಯಿತಿ ಸೇರಿದರೆ ಅದು ಮುಗಿಯುತ್ತದೆ. ಹಣದ ವಿಷಯದಲ್ಲಿ 2019ರ ವಿದ್ಯಾರ್ಥಿ ಮತದಾನವನ್ನು ಆಡಳಿತ ಮಂಡಳಿ ಮತ್ತೆ ಕೈಗೆತ್ತಿಕೊಳ್ಳಬೇಕು. ವಿದ್ಯಾರ್ಥಿಗಳ ಜೇಬಿಗೆ ಕೈ ಹಾಕದೆ, ದಾನಿಗಳ ದಾರಿ ಕಾಯದೆ, ತನ್ನ ದತ್ತಿನಿಧಿಯಿಂದಲೇ ಪ್ರತಿ ವರ್ಷ ಒಂದು ಪಾಲನ್ನು ಕಾಯಂ ಆಗಿ ತೆಗೆದಿಡಬೇಕು. ಅದನ್ನು ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ವಂಶಜರ ಕೈಗೆ ಕೊಡಬೇಕು.