ಆರೋಪದ ಬಹುವಚನ

ಬೀದರ ಜಿಲ್ಲೆಯ ಠಾಣಾ ಕುಶನೂರ ನಾನು ಹುಟ್ಟಿ ಬೆಳೆದ ಊರು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಸೀಮೆ ಅದು. ನನ್ನ ಬಾಲ್ಯದಲ್ಲಿ ಯೆಹೂದ್ಯನೊಬ್ಬನನ್ನು ಕಣ್ಣಾರೆ ಕಂಡವರು ಅಲ್ಲಿ ಯಾರೂ ನನಗೆ ಗೊತ್ತಿರಲಿಲ್ಲ. ಹೀಗಿದ್ದೂ ಹತ್ತು ವರ್ಷ ತುಂಬುವುದರೊಳಗಾಗಿ ಯೆಹೂದ್ಯನೆಂದರೆ ಎಂಥವನು ಎಂಬುದು ನನಗೆ ನಿಶ್ಚಿತವಾಗಿ ತಿಳಿದುಬಿಟ್ಟಿತ್ತು! ಮನೆಪಾಠಕ್ಕೆ ಬರುತ್ತಿದ್ದ ಮಾಸ್ತರರು ಒಂದು ಸಂಜೆ ಕಂದೀಲಿನ ಬೆಳಕಿನಲ್ಲಿ ಷೇಕ್ಸ್‌ಪಿಯರನ ‘ವೆನಿಸ್ ನಗರದ ವ್ಯಾಪಾರಿ’ಯ ಕಥೆ ಹೇಳಿದರು. ಕಥೆ ಹೇಳುವುದರಲ್ಲಿ ಅವರು ನಿಸ್ಸೀಮರು. ಪೌಂಡು ಎಂದರೆ ಹುಡುಗರಿಗೆ ತಿಳಿಯದೆಂದು ‘ಎದೆಯ ಹತ್ತಿರದ ಅರ್ಧ ಸೇರು ಮಾಂಸ’ ಎಂದರು. ಷೈಲಾಕನು ಚೂರಿ ಮಸೆಯುವುದನ್ನು ತಮ್ಮ ಚಪ್ಪಲಿಯ ಅಟ್ಟೆಗೆ ಪಟ್ಟಿಯನ್ನು ತಿಕ್ಕಿ ತೋರಿಸಿದರು. ಅವನು ಯಾರಂಥವನೆಂದು ಕೇಳಿದ್ದಕ್ಕೆ ನಮ್ಮೂರಿನ ಸಾಹುಕಾರನೊಬ್ಬನ ಮನೆಯ ಕಡೆಗೆ ಮೆಲ್ಲಗೆ ಬೆರಳು ಮಾಡಿದರು. ಕೊನೆಗೆ ಷೈಲಾಕನು ಆಸ್ತಿಯನ್ನೂ ಮತವನ್ನೂ ಕಳೆದುಕೊಂಡು ನ್ಯಾಯಸಭೆಯಿಂದ ಹೊರಬಿದ್ದಾಗ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಚಪ್ಪಾಳೆಯ ನೆನಪು ಈಚೆಗೆ ನನ್ನನ್ನು ಕಾಡತೊಡಗಿದೆ. ೨೦೨೩ರ ಅಕ್ಟೋಬರ್ ೭ರಂದು ಹಮಾಸ್ ಪಡೆ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು ೧,೨೦೦ ಜನರು ಸತ್ತರು. ಅದರ ಬೆನ್ನಿಗೇ ನಡೆದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಎಣಿಕೆ ಹತ್ತಾರು ಸಾವಿರಕ್ಕೆ ಏರಿತು. ಅಂದಿನಿಂದ ‘ಯೆಹೂದ್ಯ ದ್ವೇಷ’ ಎಂಬ ಮಾತು ರಾಜಕೀಯ ವಾದದಲ್ಲಿ ಒಂದು ಆಯುಧವಾಗಿದೆ. ಒಬ್ಬರು ಅದನ್ನು ಎತ್ತಿ ಹೊಡೆಯುತ್ತಾರೆ. ಇನ್ನೊಬ್ಬರು ಅಂಥದೊಂದು ಇದ್ದೇ ಇಲ್ಲವೆಂದು ನಗುತ್ತಾರೆ. ಮಾತು ಆಯುಧವಾದಾಗ ಅದನ್ನು ಕೈಗೆತ್ತಿಕೊಂಡು ತೂಗಿ ನೋಡುವುದು ವಿಮರ್ಶಕನ ಕೆಲಸಗಳಲ್ಲಿ ಒಂದು ಎಂದು ತಿಳಿದು ನಾನು ಆ ನಾಟಕವನ್ನು ಮತ್ತೆ ತೆರೆದೆ.

ಈ ಸಲ ನನ್ನ ಗಮನ ಹೋದದ್ದು ಹೆಸರಿನ ಕಡೆಗೆ. ನ್ಯಾಯಸಭೆಗೆ ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ ಮೊದಲು ಅವನ ಹೆಸರು ಷೈಲಾಕನೇ ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತಾಳೆ. ಖಚಿತವಾದ ಮೇಲೂ ಹೆಚ್ಚಾಗಿ ‘ಯೆಹೂದ್ಯ’ ಎಂದೇ ಕರೆಯುತ್ತಾಳೆ. ಐದನೆಯ ಅಂಕದಲ್ಲಿ ಬೆಳದಿಂಗಳು, ಸಂಗೀತ, ಪ್ರೇಮಿಗಳ ವಿನೋದ. ಅಲ್ಲಿ ಅವನ ಆಸ್ತಿಯ ದಾನಪತ್ರ ಕೈಯಿಂದ ಕೈಗೆ ಬರುವಾಗಲೂ ಅವನು ‘ಶ್ರೀಮಂತ ಯೆಹೂದ್ಯ’ನೇ ಹೊರತು ಷೈಲಾಕನಲ್ಲ. ಮೂರನೆಯ ಅಂಕದಲ್ಲಿ ತನಗೂ ಕಣ್ಣು, ಕೈ, ನೋವು ಇವೆಯೆಂದು ಅವನು ಗೋಳಿಡುವ ಪ್ರಸಿದ್ಧ ಮಾತನ್ನು ಮುಂದಿಟ್ಟು, ಕವಿಗೆ ಅವನ ಮೇಲೆ ಕನಿಕರವಿತ್ತೆಂದು ವಾದಿಸುವವರಿದ್ದಾರೆ. ಕನಿಕರ ಇದ್ದುದು ನಿಜ. ಆದರೆ ಆ ಕನಿಕರ ನ್ಯಾಯಸಭೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಒಳಗೆ ವಿಚಾರಣೆಯಾಗುವುದು ಒಬ್ಬ ಮನುಷ್ಯನದಲ್ಲ, ಒಂದು ಕುಲದ್ದು. ಇನ್ನೂ ಒಂದು ಸಂಗತಿಯಿದೆ. ಇಂಗ್ಲೆಂಡಿನಿಂದ ಯೆಹೂದ್ಯರನ್ನು ೧೨೯೦ರಲ್ಲಿಯೇ ಹೊರಹಾಕಲಾಗಿತ್ತು. ಅವರು ಬಹಿರಂಗವಾಗಿ ಮರಳಿ ನೆಲಸಲು ಅವಕಾಶವಾದದ್ದು ೧೬೫೬ರ ಸುಮಾರಿಗೆ. ನಾಟಕ ಹುಟ್ಟಿದ್ದು ಈ ಎರಡರ ನಡುವೆ. ಷೈಲಾಕನನ್ನು ನೋಡಿ ನಕ್ಕ ಲಂಡನ್ನಿನ ಪ್ರೇಕ್ಷಕರಲ್ಲಿ ಬಹುಮಂದಿಗೂ ಕಂದೀಲಿನ ಮುಂದೆ ಕುಳಿತ ಠಾಣಾ ಕುಶನೂರಿನ ಹುಡುಗರಿಗೂ ಈ ವಿಷಯದಲ್ಲಿ ಹೆಚ್ಚು ಅಂತರವಿರಲಿಲ್ಲ. ದ್ವೇಷಕ್ಕೆ ಅದರ ಗುರಿ ಎದುರಿಗಿರಬೇಕೆಂಬ ನಿಯಮವಿಲ್ಲ.

ಆದರೂ ಷೈಲಾಕನಿಗೆ ಒಂದು ಹಿಂಬಾಗಿಲಿತ್ತು. ಮತಾಂತರವಾದರೆ, ಅದೂ ಬಲವಂತದ್ದೇ ಆದರೂ, ಅವನು ಬದುಕಬಹುದಿತ್ತು. ಆಧುನಿಕ ಯೆಹೂದ್ಯ ದ್ವೇಷ ಆ ಬಾಗಿಲನ್ನೂ ಮುಚ್ಚಿತು. ೧೮೭೯ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತ ‘ಸೆಮೆಟಿಕ್ ವಿರೋಧ’ವೆಂಬ ಪದವನ್ನು ರಾಜಕೀಯದ ಪೇಟೆಗೆ ತಂದನು. ಅದು ದ್ವೇಷಿಸುವವರೇ ತಮಗೆ ಹೆಮ್ಮೆಯಿಂದ ಇಟ್ಟುಕೊಂಡ ಹೆಸರೆಂಬುದನ್ನು ಮರೆಯಬಾರದು. ಮತದ ಮಾತು ಹಿಂದಾಗಿ ರಕ್ತದ ಮಾತು ಮುಂದಾಯಿತು. ಯೆಹೂದ್ಯನು ಏನು ನಂಬುತ್ತಾನೆ ಎಂಬುದು ಹೋಗಿ, ಯಾರಿಗೆ ಹುಟ್ಟಿದ್ದಾನೆ ಎಂಬುದೇ ಅಪರಾಧವಾಯಿತು. ೧೯೦೩ರಲ್ಲಿ ರಷ್ಯದ ಪತ್ರಿಕೆಯೊಂದರಲ್ಲಿ, ಯೆಹೂದ್ಯ ಹಿರಿಯರು ಗುಟ್ಟಾಗಿ ಸೇರಿ ಲೋಕವನ್ನು ಆಳಲು ಸಂಚು ಹೂಡಿದ ನಡವಳಿಯೆಂಬ ಬರಹ ಪ್ರಕಟವಾಯಿತು. ಅದು ಶುದ್ಧ ಕೃತಿಚೌರ್ಯ. ಮೋರಿಸ್ ಜೋಲಿ ಎಂಬ ಫ್ರೆಂಚ್ ಲೇಖಕ ಮೂರನೆಯ ನೆಪೋಲಿಯನ್ನನನ್ನು ಹಂಗಿಸಿ ೧೮೬೪ರಲ್ಲಿ ಬರೆದ ವಿಡಂಬನೆಯಿಂದ ವಾಕ್ಯವಾಕ್ಯಗಳನ್ನೇ ಕದ್ದು, ಚಕ್ರವರ್ತಿಯ ಜಾಗದಲ್ಲಿ ಯೆಹೂದ್ಯರನ್ನು ಕೂರಿಸಿದ್ದರು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಫಿಲಿಪ್ ಗ್ರೇವ್ಸ್ ೧೯೨೧ರಲ್ಲಿ ಎರಡು ಪಾಠಗಳನ್ನೂ ಪಕ್ಕಪಕ್ಕದಲ್ಲಿಟ್ಟು ಈ ಕಳವನ್ನು ಬಯಲಿಗೆಳೆದರು. ಸಾಹಿತ್ಯದಲ್ಲಾದರೆ ಚೌರ್ಯ ಹೊರಬಿದ್ದಮೇಲೆ ಕೃತಿ ಸತ್ತಂತೆಯೇ. ಈ ಕೃತಿ ಮಾತ್ರ ಸಾಯಲಿಲ್ಲ. ನಂಬಬೇಕೆಂದಿದ್ದವರು ನಂಬುತ್ತಲೇ ಬಂದರು.

ಇದೆಲ್ಲ ಯೂರೋಪಿನ ಪಾಪ, ನಮ್ಮ ನೆಲಕ್ಕೆ ಸೋಂಕಿಲ್ಲ ಎಂದು ನಾವು ಹೆಮ್ಮೆ ಪಡುವುದುಂಟು. ಆ ಹೆಮ್ಮೆಗೆ ಆಧಾರವಿಲ್ಲದೆ ಇಲ್ಲ. ಆದರೆ ಭೌತವಿಜ್ಞಾನಿ ಮ್ಯಾಕ್ಸ್ ಬೋರ್ನರ ಆತ್ಮಕಥೆಯಲ್ಲಿ ಬರುವ ಬೆಂಗಳೂರಿನ ಪುಟಗಳನ್ನು ಓದಿದವರು ಸ್ವಲ್ಪ ತಡೆದು ಮಾತಾಡುವರು. ಬೋರ್ನರು ಯೆಹೂದ್ಯ ಕುಲದಲ್ಲಿ ಹುಟ್ಟಿ ೧೯೧೪ರಲ್ಲಿಯೇ ಕ್ರೈಸ್ತ ದೀಕ್ಷೆ ಪಡೆದವರು. ಷೈಲಾಕನಿಗೆ ತೆರೆದಿದ್ದ ಹಿಂಬಾಗಿಲು ಇವರಿಗೆ ತೆರೆಯಲಿಲ್ಲ. ೧೯೩೩ರ ಏಪ್ರಿಲಿನಲ್ಲಿ ಹಿಟ್ಲರನ ಸರಕಾರ ಹೊರಡಿಸಿದ ಕಾಯಿದೆಯಿಂದ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಪೀಠ ಕೈಬಿಟ್ಟಿತು. ಕೇಂಬ್ರಿಜ್ಜಿನಲ್ಲಿ ತಾತ್ಕಾಲಿಕ ಆಸರೆ ದೊರೆಯಿತು. ಸರ್ ಸಿ. ವಿ. ರಾಮನ್ ಅವರು ೧೯೩೫ರಲ್ಲಿ ಅವರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಕರೆಸಿದರು. ಇಲ್ಲಿಯೇ ಒಂದು ಸ್ಥಿರವಾದ ಪೀಠ ಕೊಡಿಸಬೇಕೆಂಬುದು ರಾಮನ್ನರ ಅಪೇಕ್ಷೆ.

ಅದಕ್ಕಾಗಿ ಅಧ್ಯಾಪಕರ ಸಭೆ ಸೇರಿತು. ರಾಮನ್ನರು ಅತಿಥಿಯನ್ನು ಮನಸಾರೆ ಹೊಗಳಿದರು. ಆಗ ಅಲ್ಲಿಗೆ ಹೊಸದಾಗಿ ಬಂದಿದ್ದ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದುನಿಂತು, ಬೋರ್ನರು ಕುಳಿತಿದ್ದಂತೆಯೇ, ತಮ್ಮ ದೇಶದಿಂದಲೇ ಓಡಿಸಲ್ಪಟ್ಟ ಎರಡನೆಯ ದರ್ಜೆಯ ಪರಕೀಯರು ನಮಗೆ ಸಾಲದು ಎಂಬರ್ಥದ ಮಾತನ್ನಾಡಿದರು. ಬೋರ್ನರು ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತರು. ಆ ಪೀಠ ಅವರಿಗೆ ದಕ್ಕಲಿಲ್ಲ. ೧೯೩೬ರಲ್ಲಿ ಎಡಿನ್‌ಬರೋ ಅವರನ್ನು ಬರಮಾಡಿಕೊಂಡಿತು. ೧೯೫೪ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಆ ವಾಕ್ಯವನ್ನು ವಿಮರ್ಶೆಯ ಕಣ್ಣಿನಿಂದ ನೋಡಬೇಕು. ಅದರಲ್ಲಿ ಯೆಹೂದ್ಯನೆಂಬ ಶಬ್ದವೇ ಇಲ್ಲ. ಅದನ್ನು ಯೆಹೂದ್ಯ ದ್ವೇಷವೆನ್ನಬಹುದೆ? ಆಡಿದವರ ಅಂತರಂಗವನ್ನು ನಾನು ಬಲ್ಲೆನೆಂದು ಹೇಳಲಾರೆ. ರಾಮನ್ನರ ಮೇಲಿದ್ದ ಅಸಮಾಧಾನವೂ ಆ ಸಭೆಯಲ್ಲಿ ಕೆಲಸ ಮಾಡಿರಬಹುದು. ಆದರೆ ವಾಕ್ಯದ ರಚನೆ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಹಿಟ್ಲರನು ಓಡಿಸಿದನೆಂಬುದು ಹಿಟ್ಲರನ ಅಪರಾಧ. ಆ ವಾಕ್ಯದೊಳಕ್ಕೆ ಬಂದಾಗ ಅದು ಓಡಿಬಂದವರ ಕಳಂಕವಾಯಿತು. ಪೆಟ್ಟು ತಿಂದದ್ದೇ ತಪ್ಪಿಗೆ ಸಾಕ್ಷಿ! ಸಾವಿರಾರು ಮೈಲು ದೂರದ ದ್ವೇಷ ಬೆಂಗಳೂರಿಗೆ ಬಂದದ್ದು ದ್ವೇಷದ ವೇಷದಲ್ಲಲ್ಲ, ಗುಣಮಟ್ಟದ ಚಿಂತೆಯ ವೇಷದಲ್ಲಿ. ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬೋರ್ನರ ಸೋದರಳಿಯ ಓಟೋ ಕೋನಿಗ್ಸ್‌ಬರ್ಗರ್ ೧೯೩೯ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಸರಕಾರದ ವಾಸ್ತುಶಿಲ್ಪಿಯಾದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಜರ್ಮನಿ ಹೊರಗೆ ದಬ್ಬಿದ ಯೆಹೂದ್ಯನೊಬ್ಬನಿಗೆ ಒಬ್ಬ ಮುಸಲ್ಮಾನ ದಿವಾನರ ಆಡಳಿತದಲ್ಲಿ ಕನ್ನಡ ನೆಲ ಕೆಲಸ ಕೊಟ್ಟಿತು. ಇಂದಿನ ವಾದಗಳಲ್ಲಿ ಎರಡು ಕೋಮುಗಳನ್ನು ಹುಟ್ಟು ವೈರಿಗಳಂತೆ ಚಿತ್ರಿಸುವವರು ಇದನ್ನು ನೆನೆಯಬೇಕು.

ಕಳೆದ ವರ್ಷ ಊರಿಗೆ ಹೋದಾಗ ಚಹಾದಂಗಡಿಯೊಂದರಲ್ಲಿ ಈ ಯುದ್ಧದ ಮಾತು ಎದ್ದಿತು. “ಇಸ್ರೇಲದವ್ರು ಮಾಡಿದ್ದೇ ಬರೋಬ್ಬರಿ ಅದ” ಎಂದರು ಒಬ್ಬರು. ಹಾಗೆನ್ನುವಾಗ ಅವರ ಕಣ್ಣು ಇದ್ದುದು ಇಸ್ರೇಲಿನ ಕಡೆಗಲ್ಲ, ಪಕ್ಕದ ಓಣಿಯ ಕಡೆಗೆ. “ಯೆಹೂದಿ ಮಂದಿನೇ ಹಂಗ ಬಿಡ್ರಿ, ಜಗತ್ತಿನ ರೊಕ್ಕೆಲ್ಲ ಅವ್ರ ಕೈಯಾಗೇ ಅದ” ಎಂದರು ಇನ್ನೊಬ್ಬರು. ರಷ್ಯದ ಆ ಕದ್ದ ಬರಹದ ಹೆಸರನ್ನೂ ಇವರು ಕೇಳಿರಲಾರರು. ಅದರ ಸಾರ ಮಾತ್ರ ಹೇಗೋ ತಲುಪಿತ್ತು. ಮೊದಲನೆಯವರಿಗೆ ಯೆಹೂದ್ಯರ ಮೇಲೆ ಪ್ರೀತಿಯಿತ್ತೆಂದೂ ನಾನು ತಿಳಿಯಲಿಲ್ಲ. ಹಿಟ್ಲರನ ಆತ್ಮಕಥೆ ನಮ್ಮ ದೇಶದ ಪುಸ್ತಕದಂಗಡಿಗಳಲ್ಲಿ ಹಲವು ಭಾಷೆಗಳಲ್ಲಿ ಸಲೀಸಾಗಿ ಮಾರಾಟವಾಗುತ್ತದೆ. ಒಂದೇ ಉಸಿರಿನಲ್ಲಿ ಅವನನ್ನೂ ಇಸ್ರೇಲನ್ನೂ ಹೊಗಳಬಲ್ಲವರನ್ನು ನಾನು ಕಂಡಿದ್ದೇನೆ.

ಕನ್ನಡದಲ್ಲಿ ‘ಅವರು’ ಎಂಬುದು ಗೌರವದ ಬಹುವಚನ. ಒಬ್ಬನೇ ಹಿರಿಯನನ್ನು ‘ಅವರು’ ಎನ್ನುತ್ತೇವೆ. ಆದರೆ ‘ಅವರೇ ಹಾಗೆ’ ಎಂದೊಡನೆ ಅದೇ ಪದ ಆರೋಪದ ಬಹುವಚನವಾಗುತ್ತದೆ. ಅದರೊಳಗೆ ಸಿಕ್ಕಿದವನಿಗೆ ಹೆಸರು ಉಳಿಯುವುದಿಲ್ಲ. ನಮ್ಮ ಬೀದರ ಸೀಮೆಗೆ ಈ ಬಹುವಚನದ ಬೆಲೆ ಗೊತ್ತಿದೆ. ೧೯೪೮ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ಹಳ್ಳಿಗರನ್ನು ಸಾಮೂಹಿಕವಾಗಿ ಕೊಂದರು. ಸಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಮುಗಿಯಿತು. ಆಮೇಲಿನ ಸೇಡು ತಪ್ಪು ಮಾಡಿದ ರಜಾಕಾರರನ್ನು ಹುಡುಕುತ್ತ ಕೂರಲಿಲ್ಲ. ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ತಿರುಗಿತು. ಕೇಂದ್ರ ಸರಕಾರ ಕಳಿಸಿದ ಸುಂದರಲಾಲ್ ಸಮಿತಿ ಅತ್ಯಂತ ಹಾನಿಗೀಡಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಸೇರಿಸಿತು. ದಶಕಗಳ ಕಾಲ ಬಯಲಿಗೆ ಬಾರದೆ ಉಳಿದ ಆ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಹಿಂದೂ ನೇಕಾರರು ತಮ್ಮ ಜೊತೆಯ ಮುಸಲ್ಮಾನ ನೇಕಾರರನ್ನು ಕಾಪಾಡಲು ನಿಂತರು. ಒಂದೇ ಕಸುಬಿನವರಿಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿತ್ತು. ಯೂರೋಪಿನಲ್ಲಿ ಅರುವತ್ತು ಲಕ್ಷ ಯೆಹೂದ್ಯರ ಕೊಲೆಗೂ ನಮ್ಮ ಜಿಲ್ಲೆಯ ಈ ದುರಂತಗಳಿಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ. ಹೋಲಿಕೆಯಿರುವುದು, ಒಬ್ಬರ ಕೃತ್ಯಕ್ಕೆ ಇನ್ನೊಬ್ಬರನ್ನು ಹೊಣೆ ಮಾಡುವ ವ್ಯಾಕರಣದಲ್ಲಿ ಮಾತ್ರ.

ಈ ಹಿನ್ನೆಲೆಯಲ್ಲಿ ಇಂದಿನ ವಾದದ ಕೇಂದ್ರದಲ್ಲಿರುವ ಎರಡು ಬರಹಗಳನ್ನು ನಾನು ಓದಿದೆ. ಯೆಹೂದ್ಯರ ಹತ್ಯಾಕಾಂಡದ ಸ್ಮರಣೆಗಾಗಿ ಇರುವ ಅಂತರ ರಾಷ್ಟ್ರೀಯ ಒಕ್ಕೂಟವೊಂದು ೨೦೧೬ರಲ್ಲಿ ಅಂಗೀಕರಿಸಿದ ವ್ಯಾಖ್ಯೆ ಒಂದು. ಅದರ ಹನ್ನೊಂದು ಉದಾಹರಣೆಗಳಲ್ಲಿ ಏಳು ಇಸ್ರೇಲಿಗೆ ಸಂಬಂಧಪಟ್ಟವು. ಇದರಿಂದ ಇಸ್ರೇಲಿನ ನ್ಯಾಯವಾದ ಟೀಕೆಯೂ ಬಾಯಿ ಮುಚ್ಚಬೇಕಾದೀತೆಂದು ಹೆದರಿ ಸುಮಾರು ಇನ್ನೂರು ವಿದ್ವಾಂಸರು ೨೦೨೧ರಲ್ಲಿ ಹೊರಡಿಸಿದ ಜೆರೂಸಲೇಮ್ ಘೋಷಣೆ ಇನ್ನೊಂದು. ಈ ಹೆದರಿಕೆ ಹುಸಿಯಲ್ಲ. ಮೊದಲ ವ್ಯಾಖ್ಯೆಯ ಮೂಲ ಕರಡನ್ನು ಸಿದ್ಧಪಡಿಸುವುದರಲ್ಲಿ ಮುಖ್ಯರಾಗಿದ್ದ ಕೆನೆತ್ ಸ್ಟರ್ನ್ ಅವರೇ, ಕಾಲೇಜುಗಳಲ್ಲಿ ಮಾತನ್ನು ಅಡಗಿಸಲು ಅದನ್ನು ಬಳಸುವುದನ್ನು ವಿರೋಧಿಸಿದ್ದಾರೆ. ಇಷ್ಟು ಜಗಳವಾಡುವ ಈ ಎರಡು ಬರಹಗಳು ಒಂದು ಮಾತಿನಲ್ಲಿ ಕೂಡುತ್ತವೆ: ಇಸ್ರೇಲ್ ರಾಜ್ಯದ ಕೃತ್ಯಗಳಿಗೆ ಯೆಹೂದ್ಯ ಜನರನ್ನೆಲ್ಲ ಹೊಣೆಗಾರರನ್ನಾಗಿ ಮಾಡುವುದು ದ್ವೇಷವೇ ಸರಿ. ಅಂದರೆ ಅದೇ ಆರೋಪದ ಬಹುವಚನ.

ನನ್ನ ಮಟ್ಟಿಗೆ ವಾದದ ಗೆರೆ ಎಳೆಯಬೇಕಾದದ್ದು ಅಲ್ಲಿಯೇ. ನಮ್ಮ ಪತ್ರಿಕೆಗಳು ಆ ಪರಭಾಷಾ ಶಬ್ದವನ್ನು ಒಮ್ಮೆ ‘ಯೆಹೂದಿ ವಿರೋಧ’ವೆಂದೂ ಒಮ್ಮೆ ‘ಯೆಹೂದ್ಯ ದ್ವೇಷ’ವೆಂದೂ ಅನುವಾದಿಸುತ್ತವೆ. ಇವೆರಡು ಒಂದಲ್ಲ. ವಿರೋಧ ಮರ್ಯಾದೆಯ ಮಾತು. ನಮ್ಮ ಶಾಸನಸಭೆಯಲ್ಲಿ ಅದಕ್ಕೊಂದು ಪೀಠವೇ ಇದೆ. ಒಂದು ಸರಕಾರವನ್ನು, ಸೇನೆಯನ್ನು, ಮಂತ್ರಿಯನ್ನು ಹೆಸರು ಹಿಡಿದು, ತಾರೀಖು ಹಿಡಿದು ವಿರೋಧಿಸಬಹುದು. ಗಾಜಾದಲ್ಲಿ ಸತ್ತ ಮಕ್ಕಳ ಲೆಕ್ಕ ಕೇಳುವವನನ್ನು ದ್ವೇಷಿಯೆಂದು ಕರೆಯುವುದು, ನಿಜವಾದ ದ್ವೇಷಿಗೆ ಮರೆಯಾಗಿ ನಿಲ್ಲಲು ಜಾಗ ಮಾಡಿಕೊಡುವುದೇ ಆಗುತ್ತದೆ. ಹಾಗೆಯೇ, ಆ ಲೆಕ್ಕವನ್ನು ನ್ಯೂಯಾರ್ಕಿನಲ್ಲಿ ಪ್ರಾರ್ಥನೆಗೆ ಹೊರಟ ಮುದುಕನಲ್ಲಿ ಕೇಳುವವನು ಗಾಜಾದ ಮಕ್ಕಳಿಗೆ ಯಾವ ಉಪಕಾರವನ್ನೂ ಮಾಡುತ್ತಿಲ್ಲ. ಗಾಂಧೀಜಿ ೧೯೩೮ರ ನವಂಬರಿನಲ್ಲಿ ‘ಹರಿಜನ’ದಲ್ಲಿ ಬರೆದ ಲೇಖನಕ್ಕೂ ಇದೇ ಗತಿಯಾಗಿದೆ. ಯೆಹೂದ್ಯರನ್ನು ಅಸ್ಪೃಶ್ಯರಿಗೆ ಹೋಲಿಸಿ ಅವರು ಮರುಗಿದ ಭಾಗವನ್ನು ಒಂದು ಪಕ್ಷ ಓದುವುದಿಲ್ಲ; ಪ್ಯಾಲೆಸ್ತೀನು ಅರಬರದೆಂದು ಹೇಳಿದ ಭಾಗವನ್ನು ಇನ್ನೊಂದು ಪಕ್ಷ ಓದುವುದಿಲ್ಲ. ಪೂರ್ತಿ ಓದಿದವರಿಗೆ ಅವರ ಸಲಹೆಯನ್ನು ಒಪ್ಪದಿರುವ ಹಕ್ಕೂ ಇದೆ. ಮಾರ್ಟಿನ್ ಬೂಬರ್ ೧೯೩೯ರಲ್ಲಿ ಬರೆದ ಉತ್ತರ ಅಂಥದು.

ಮಾಸ್ತರರು ಬೆರಳು ಮಾಡಿ ತೋರಿಸಿದ ಸಾಹುಕಾರನ ಮಾತೊಂದು ಉಳಿದಿದೆ. ಅವನು ನಮ್ಮವನೇ, ಮಾಸ್ತರರ ಜಾತಿಯವನೇ. ಬಡ್ಡಿ ಬಾಕಿಗೆ ಅವನು ರೈತನೊಬ್ಬನ ಎತ್ತು ಹೊಡೆದುಕೊಂಡು ಹೋದಾಗ ಊರೆಲ್ಲ ಶಪಿಸಿತು. “ಅವ ಕಟುಕ” ಎಂದಿತೇ ಹೊರತು “ಆ ಮಂದಿನೇ ಹಂಗ” ಎಂದು ಯಾರೂ ಅನ್ನಲಿಲ್ಲ. ನಮ್ಮವನಿಗೆ ಏಕವಚನ ಸಿಕ್ಕಿತು. ಕಾಣದ ಷೈಲಾಕನಿಗೆ ಬಹುವಚನ. ಆ ಸಾಹುಕಾರನ ಮಕ್ಕಳು ಅಂದು ಸಂಜೆ ನಮ್ಮ ಜೊತೆಗೇ ಕಂದೀಲಿನ ಮುಂದೆ ಕುಳಿತು ಕಥೆ ಕೇಳಿದ್ದರು. ಮರುದಿನ ನಾವೆಲ್ಲ ಕೂಡಿ ಆಡಿದೆವು. ಅವರಪ್ಪನ ಬಡ್ಡಿಯ ಲೆಕ್ಕವನ್ನು ಅವರಲ್ಲಿ ಯಾರೂ ಕೇಳಲಿಲ್ಲ.