ತಂತಿಯ ವಯಸ್ಸು

ನಂಜನಗೂಡಿನ ತೇರಿನ ಬೀದಿಗೆ ಹೊಂದಿಕೊಂಡ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ ಎರಡು ವಾದ್ಯಗಳಿವೆ: ಒಂದು, ಅಕ್ಕನ ಅತ್ತೆಯವರು ಕೊನೆಗಾಲದವರೆಗೂ ನುಡಿಸುತ್ತಿದ್ದ, ಮೈಸೂರಿನಲ್ಲಿ ಬೀಟೆಮರದಿಂದ ಮಾಡಿದ ವೀಣೆ, ಇನ್ನೊಂದು, ಅಕ್ಕನ ಮಗನು ಕಾಲೇಜು ಸೇರಿದ ವರ್ಷ ಹಟಹಿಡಿದು ಕೊಂಡುತಂದ ಗಿಟಾರು. ವೀಣೆಗೆ ತಂತಿ ಹಾಕಿಸಿ ಎಷ್ಟು ವರ್ಷವಾಯಿತೆಂಬುದನ್ನು ಆ ಮನೆಯಲ್ಲಿ ಯಾರೂ ಹೇಳಲಾರರು. ಗಿಟಾರಿನ ತಂತಿಗಳಾದರೋ ಎರಡು ತಿಂಗಳಿಗೊಮ್ಮೆ ತಪ್ಪದೆ ಬದಲಾಗುತ್ತವೆ. ಒಂದೇ ಸೂರಿನ ಕೆಳಗಿರುವ ಈ ಎರಡು ಪದ್ಧತಿಗಳಲ್ಲಿ ಯಾವುದು ನಾದಕ್ಕೆ ಹಿತವಾದುದು, ತಂತಿಯು ಹಳತಾಗುತ್ತ ಹೋದಂತೆ ಅದರ ಧ್ವನಿಯಲ್ಲಿ ಆಗುವ ಮಾರ್ಪಾಡು ಕೇಡೋ ಪರಿಪಾಕವೋ ಎಂಬುದನ್ನು ವಿವೇಚಿಸುವುದು ಈ ಬರಹದ ಉದ್ದೇಶ. ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಗಾಯಕರ ಶಾರೀರವನ್ನೂ ಮೃದಂಗದ ಕರಣೆಯನ್ನೂ ಕುರಿತು ಹೊತ್ತು ಹೋದುದೇ ತಿಳಿಯದಂತೆ ಮಾತನಾಡಬಲ್ಲ ನಮ್ಮ ರಸಿಕರು, ನಾದವು ಹುಟ್ಟುವ ತಂತಿಯ ಆಯುಷ್ಯವನ್ನು ಕುರಿತು ಆಡಿರುವ ಮಾತು ಬಹಳ ಕಡಮೆ.

ಕಳೆದ ಮಾಘಮಾಸದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ನಾನು ಎರಡು ತಿಂಗಳು ಆ ಮನೆಯಲ್ಲಿ ಉಳಿಯಬೇಕಾಯಿತು. ಓದು ನಿಷಿದ್ಧವಾದುದರಿಂದ ಕಣ್ಣಿನ ಕೆಲಸವನ್ನೂ ಕಿವಿಯೇ ವಹಿಸಿಕೊಂಡಿತು. ನಾನು ಹೋದ ಸಂಜೆಯೇ ಹುಡುಗನು ಹೊಸ ತಂತಿಗಳನ್ನು ಏರಿಸಲು ಕುಳಿತಿದ್ದನು. ಹಳೆಯವನ್ನು ಸಡಿಲಿಸಿ, ಸುರುಳಿಸುತ್ತಿ, ನನ್ನ ಕೈಗಿತ್ತನು: ದಪ್ಪ ತಂತಿಗಳು ಬೆಳಗದೆ ಬಿಟ್ಟ ದೇವರ ಮನೆಯ ತಂಬಿಗೆಯಂತೆ ಕಂದಿದ್ದುವು, ಬೆರಳಿನಿಂದ ಸವರಿದರೆ, ಮೆಟ್ಟಿಲುಗಳ ಮೇಲೆ ಒತ್ತಿದ ಎಡೆಗಳಲ್ಲೆಲ್ಲ ಸಣ್ಣ ಸಣ್ಣ ತಗ್ಗುಗಳು ಕೈಗೆ ತಗಲುತ್ತಿದ್ದುವು. ಹೊಸವು ಹೊಂಬಣ್ಣದವು. ಬಿರಡೆಗಳನ್ನು ತಿರುಗಿಸಿ ಬಿಗಿಗೊಳಿಸಿ ಆರು ತಂತಿಗಳನ್ನೂ ಒಮ್ಮೆಗೇ ಮೀಟಿದಾಗ ಪಡಸಾಲೆಯ ಕಂಬಗಳವರೆಗೂ ಒಂದು ಝಣತ್ಕಾರವು ಹರಡಿಕೊಂಡಿತು. “ಈಗ ಬಂತು ನೋಡಿ ಮಾವ, ನಾದ ಅಂದರೆ ಇದು!” ಎಂದು ಅವನು ಹಿಗ್ಗಿದನು. ಒಳಗಿನಿಂದ ಅಕ್ಕ, “ನಾದವೋ, ಪಾತ್ರೆಯಂಗಡಿಯೋ!” ಎಂದಳು. ವಿಮರ್ಶಕನ ಸ್ಥಾನದಲ್ಲಿ ನಿಂತು ನೋಡಿದರೆ ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಿತು.

ಮೊದಲ ಎರಡು ದಿನ ತಂತಿಗಳು ಶ್ರುತಿಯಲ್ಲಿ ನಿಲ್ಲಲೇ ಇಲ್ಲ. ಬಿರಡೆಯ ಸುತ್ತುಗಳು ಬಿಗಿದು ಕುಳಿತುಕೊಳ್ಳುವವರೆಗೂ ಮೀಟಿದಷ್ಟೂ ಇಳಿಯುತ್ತಿದ್ದುವು. ಶ್ರುತಿ ನಿಂತ ಮೇಲೂ ಮೊದಲ ವಾರದ ಧ್ವನಿಯಲ್ಲಿ ಒಂದು ಬಗೆಯ ಕರ್ಕಶವಾದ ಕಾಂತಿಯಿದ್ದಿತು: ಬೆರಳು ತಂತಿಯ ಮೇಲೆ ಜಾರುವ ಕೀರುಶಬ್ದವೂ ಉಗುರು ತಗಲಿದ ಸದ್ದೂ ಸ್ವರಕ್ಕಿಂತ ಮುಂಚೆಯೇ ಕಿವಿಗೆ ಬರುತ್ತಿದ್ದುವು. ಎರಡನೆಯ ವಾರದಲ್ಲಿ ಆ ಅಂಚು ಮಸುಳಿತು. ಸ್ವರದ ಹಿಂದೆ ಪೆಟ್ಟಿಗೆಯ ಮರದ ಧ್ವನಿಯೂ ಕೇಳಿಬರತೊಡಗಿತು. ಅಲ್ಲಿಂದ ಮುಂದಿನ ಮೂರು ವಾರಗಳೇ ಆ ಗಿಟಾರಿನ ಯೌವನವೆಂದು ನನ್ನ ನಿರ್ಣಯ. ಬಳಿಕ ಬಿಸಿಲೇರಿ ಕೈ ಬೆವರತೊಡಗಿದುದೇ ತಡ, ಇಳಿತವು ಬೇಗಬೇಗನೆ ಆಯಿತು. ಫಾಲ್ಗುಣದಲ್ಲಿ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಗೆ ಐದು ತೇರುಗಳು ಸಜ್ಜಾಗುವ ಹೊತ್ತಿಗೆ ದಪ್ಪ ತಂತಿಗಳು ದಪ್ಪೆಂದು ನುಡಿದು ಅಲ್ಲಿಯೇ ಅಡಗುತ್ತಿದ್ದುವು. ಬಿಡಿಯಾಗಿ ಶ್ರುತಿ ಕೂಡಿಸಿದರೂ ಮೇಲಿನ ಮೆಟ್ಟಿಲುಗಳಲ್ಲಿ ಅಪಸ್ವರವೇಳುತ್ತಿದ್ದಿತು.

ಈ ಪರಿಣಾಮದ ಕಾರಣವು ಲೋಹದಲ್ಲಿಯೂ ಇದೆ, ಕೈಯಲ್ಲಿಯೂ ಇದೆ. ಗಿಟಾರಿನ ಆರು ತಂತಿಗಳಲ್ಲಿ ಮೇಲಿನ ಎರಡು ಸಾಮಾನ್ಯವಾಗಿ ಬರಿಯ ಉಕ್ಕಿನವು; ಉಳಿದ ನಾಲ್ಕು ಉಕ್ಕಿನ ಎಳೆಯ ಸುತ್ತ ಮತ್ತೊಂದು ಲೋಹದ ತೆಳು ತಂತಿಯನ್ನು ಒತ್ತೊತ್ತಾಗಿ ಸುತ್ತಿ ಮಾಡಿದವು. ಆ ಸುತ್ತುತಂತಿಯನ್ನು ಮಾರುವವರು ‘80/20 ಕಂಚು’ ಎಂದು ಕರೆಯುವುದುಂಟು. 80 ಪಾಲು ತಾಮ್ರ, 20 ಪಾಲು ಸತು ಕೂಡಿದ ಅದು ವಾಸ್ತವವಾಗಿ ಹಿತ್ತಾಳೆಯೇ. ನಮ್ಮ ಕಂಚುಗಾರರಾರೂ ಆ ಹೆಸರನ್ನು ಒಪ್ಪಲಾರರು. ಅಮೆರಿಕದ ಡಿ’ಅಡಾರಿಯೊ ಸಂಸ್ಥೆ 1974ರಲ್ಲಿ ಬಳಕೆಗೆ ತಂದ ಮತ್ತೊಂದು ಬಗೆಯಲ್ಲಿ ತಾಮ್ರಕ್ಕೆ ತವರವನ್ನೂ ಲೇಶಮಾತ್ರ ರಂಜಕವನ್ನೂ ಬೆರಸಿರುತ್ತಾರೆ. ಅದರ ಕಾಂತಿ ಮೊದಲಿಗೇ ತುಸು ಮೆದು, ಬಾಳಿಕೆ ತುಸು ಹೆಚ್ಚು. ಎರಡಕ್ಕೂ ಶತ್ರು ಒಂದೇ: ಬೆರಳಿನ ಬೆವರು ಮತ್ತು ಜಿಡ್ಡು. ಉಕ್ಕಿಗೆ ತುಕ್ಕು, ತಾಮ್ರದ ಮಿಶ್ರಣಕ್ಕೆ ಕಿಲುಬು. ಸುತ್ತುಗಳ ಸಂದಿನಲ್ಲಿ ಚರ್ಮದ ಹೊಟ್ಟೂ ಧೂಳೂ ಸೇರಿ ಒಂದು ಬಗೆಯ ಅಂಟಾಗುವುದು.

ಮೀಟಿದ ತಂತಿಯು ಒಂದೇ ಸ್ವರವನ್ನು ನುಡಿಯುವುದಿಲ್ಲವೆಂಬುದನ್ನು ನಮ್ಮವರು ತಂಬೂರಿಯಲ್ಲಿ ಬಲ್ಲರು. ಮೂಲಕಂಪನದ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ವೇಗದ ಕಂಪನಗಳು ಅದರ ಬೆನ್ನಿಗೇ ಏಳುವುವು. ಎರಡನೆಯದು ಮೇಲಿನ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ, ಐದನೆಯದು ಯಾರೂ ಮೀಟದೆ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರ. ಹೊಸ ತಂತಿಯಲ್ಲಿ ಇಂಥ ಉಪಸ್ವರಗಳು ಬಹು ಎತ್ತರದವರೆಗೂ ಬಹು ಹೊತ್ತು ಬಾಳುತ್ತವೆ. ಹುಡುಗನ ಹಿಗ್ಗಿಗೂ ಅಕ್ಕನ ಪಾತ್ರೆಯಂಗಡಿಗೂ ಇದೇ ಮೂಲ. ಜಿಡ್ಡು ಸೇರಿದೊಡನೆ ಮೊದಲು ಸಾಯುವವು ಎತ್ತರದ ಉಪಸ್ವರಗಳೇ, ಏಕೆಂದರೆ ಅತಿವೇಗದ ಸಣ್ಣ ಕಂಪನವನ್ನು ಅಂಟಿನ ಘರ್ಷಣೆಯು ಬಹು ಸುಲಭವಾಗಿ ನುಂಗಿಬಿಡುತ್ತದೆ. ಹೀಗೆ ಮೇಲಿನ ಗದ್ದಲವಡಗಿದಾಗ ಕೆಳಗಿನ ಸ್ವರವೂ ಮರದ ಮಾರ್ದನಿಯೂ ಕೇಳಿಬರುವುದೇ ಎರಡನೆಯ ವಾರದ ಸೊಗಸು. ಹೊಸ ತಂತಿಯಲ್ಲಿ ನಾವು ತಂತಿಯನ್ನು ಕೇಳುತ್ತೇವೆ. ಪಳಗಿದ ತಂತಿಯಲ್ಲಿ ವಾದ್ಯವನ್ನು ಕೇಳುತ್ತೇವೆ.

ಆದರೆ ಕೇಡು ಅಲ್ಲಿಗೇ ನಿಲ್ಲುವುದಿಲ್ಲ. ಉಪಸ್ವರಗಳು ಮೂಲಕ್ಕೆ ಎರಡು, ಮೂರು, ನಾಲ್ಕು ಪಟ್ಟಾಗಿ ಲೆಕ್ಕ ತಪ್ಪದೆ ನಿಲ್ಲಬೇಕಾದರೆ ತಂತಿಯು ಉದ್ದಕ್ಕೂ ಒಂದೇ ತೂಕದ್ದಾಗಿರಬೇಕು. ಮೆಟ್ಟಿಲು ತಾಗಿದೆಡೆಯಲ್ಲಿ ಲೋಹ ಸವೆದು, ಬೆರಳು ತಾಗಿದೆಡೆಯಲ್ಲಿ ಅಂಟು ಸೇರಿ ಆ ಸಮತೆಯು ಕೆಟ್ಟರೆ ಸ್ವರದೊಳಗೇ ಸ್ವರಕ್ಕೆ ವಿರೋಧ ಹುಟ್ಟುತ್ತದೆ; ಆಗ ಯಾವ ಬಿರಡೆಯಿಂದಲೂ ಅದನ್ನು ಸರಿಪಡಿಸಲಾಗದು. ತಿರುಮಕೂಡಲು ನರಸೀಪುರದ ಗುಂಜಾನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಕಾವೇರಿ, ಕಪಿಲೆ, ಸ್ಫಟಿಕ ಸರೋವರಗಳ ಆ ಸಂಗಮವು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂಬುದು ಅಲ್ಲಿಯ ನಂಬಿಕೆ. ಗುಲಗಂಜಿಯ ತೂಕ ಒಂದು ಗ್ರಾಮಿನ ಎಂಟನೆಯ ಒಂದು ಪಾಲಿನ ಆಸುಪಾಸು. ತಂತಿಯನ್ನು ಕೆಡಿಸುವ ಮಾಲಿನ್ಯಕ್ಕೆ ಅಷ್ಟು ತೂಕವೂ ಬೇಡ. ತಕ್ಕಡಿಗೆ ಕಾಣದುದು ಕಿವಿಗೆ ಕಾಣುವ ವ್ಯವಹಾರವಿದು.

ಇನ್ನು ಪದ್ಧತಿಗಳ ವಿಚಾರ. ಗಿಟಾರು ನುಡಿಸುವ ತರುಣರಲ್ಲಿ ಹಲವರು ಎರಡನೆಯ ವಾರದ ಮೆದುತನವನ್ನೇ ಮರಣವೆಂದು ತಿಳಿದು ತಂತಿಯನ್ನು ಕಿತ್ತೊಗೆಯುತ್ತಾರೆ. ಕೆಲವರು ದಪ್ಪ ತಂತಿಗಳನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ, ಒರಸಿ, ಮತ್ತೆ ಏರಿಸುತ್ತಾರೆ. ಸಂದಿನ ಜಿಡ್ಡು ಕರಗಿದಷ್ಟು ಮಟ್ಟಿಗೆ ಕಾಂತಿ ಮರಳಿ ಬರುವುದು ನಿಜ. ಆದರೆ ಸವೆದ ತಗ್ಗು ಬೇಯಿಸಿದರೆ ತುಂಬದು, ಆದುದರಿಂದ ಆ ಪುನರ್ಯೌವನವು ಕೆಲವು ದಿನಗಳದು. ಕಳೆದ ಶತಮಾನದ ಕೊನೆಯಿಂದೀಚೆಗೆ ತೆಳುವಾದ ಲೇಪವಿರುವ ತಂತಿಗಳೂ ಬಂದಿವೆ. ಬೆವರು ಒಳಹೊಗದಂತೆ ತಡೆಯುವ ಆ ಲೇಪವು ಕಾಂತಿಯನ್ನು ಹೆಚ್ಚು ಕಾಲ ಉಳಿಸುವುದಾದರೂ ಮೊದಲ ದಿನದ ಹೊಳಪಿನಲ್ಲಿ ಚೂರು ಕಂದಾಯವನ್ನು ವಸೂಲು ಮಾಡಿಕೊಳ್ಳುತ್ತದೆ. ಈ ಆಸೆಗಳೆಲ್ಲದರ ಮೂಲದಲ್ಲಿರುವ ಒಂದು ತಪ್ಪು ಗ್ರಹಿಕೆಯೆಂದರೆ, ಹೊಸತನವೇ ನಾದದ ಸಹಜಸ್ಥಿತಿ ಎಂಬುದು.

ವೀಣೆಯ ಮನೆಗಳ ತಪ್ಪು ಇದಕ್ಕೆ ಎದುರು ದಿಕ್ಕಿನದು. ಮೈಸೂರಿನ ವೈಣಿಕರು ಉಗುರಿನಿಂದ ಮೃದುವಾಗಿ ಮೀಟಿ, ಒಂದು ಮೀಟಿನ ಮಾರ್ದನಿಯೊಳಗೇ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆಳೆದು ಗಮಕವನ್ನು ತೋರುವರು. ಶೇಷಣ್ಣನವರಿಂದ ಮೊದಲುಗೊಂಡು ದೊರೆಸ್ವಾಮಿ ಅಯ್ಯಂಗಾರರವರೆಗೆ ಆ ಬಾನಿಯ ಹಿರಿಮೆಯು ಝಣತ್ಕಾರದಲ್ಲಿಲ್ಲ, ಮೀಟಿದ ಮೇಲೆ ಉಳಿಯುವ ನಾದದ ಎಳೆಯಲ್ಲಿದೆ. ಆದಕಾರಣ ಪಳಗಿದ ಸಾರಣಿಯನ್ನು, ಎಂದರೆ ವೀಣೆಯ ಮೊದಲ ತಂತಿಯನ್ನು, ಮೆಚ್ಚುವ ಅಭಿರುಚಿಯು ನಮ್ಮಲ್ಲಿ ಬೆಳೆದುದು ಯುಕ್ತವೇ. ಆದರೆ ಅದೇ ಅಭಿರುಚಿಯು ಎಷ್ಟೋ ಮನೆಗಳಲ್ಲಿ ಸೋಮಾರಿತನಕ್ಕೆ ಹೊದಿಕೆಯಾಗಿದೆ. ಅಕ್ಕನ ಮನೆಯ ವೀಣೆಯ ಸಾರಣಿಯನ್ನು ಬೆರಳಿನಿಂದ ಸವರಿದಾಗ ತುಕ್ಕಿನ ಪುಡಿ ಉದುರಿತು. ಗಮಕಕ್ಕೆ ಎಳೆದೆಳೆದು ಅದರ ಅಡಿಯು ಮೆಟ್ಟಿಲುಗಳ ಮೇಲೆ ಚಪ್ಪಟೆಯಾಗಿದ್ದಿತು. “ಅತ್ತೆಯವರ ಕೈ ಮುಟ್ಟಿದ ತಂತಿ, ಇರಲಿ ಬಿಡು” ಎಂದಳು ಅಕ್ಕ. ಮಾತಿನ ಭಾವವು ಗೌರವಾರ್ಹವಾದುದೇ. ಆದರೆ ಅತ್ತೆಯವರು ಬದುಕಿದ್ದರೆ ಅಂಥ ತಂತಿಯನ್ನು ಒಂದು ದಿನವೂ ಸಹಿಸುತ್ತಿರಲಿಲ್ಲ.

ತಂತಿಯ ವಯಸ್ಸಿನ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗಿ ಎದುರಾಗಿರಬೇಕಾದುದು, ತಿರುಮಕೂಡಲಿನಲ್ಲಿಯೇ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರ ವಾದ್ಯದಲ್ಲಿ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಪಳಗಿ ಪಕ್ಕವಾದ್ಯಕ್ಕೆ ಹೆಸರಾಗುತ್ತಿದ್ದ ಕಾಲದಲ್ಲಿ ಧ್ವನಿವರ್ಧಕಗಳಿರಲಿಲ್ಲ. ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುವುದಿಲ್ಲವೆಂದು ಶೇಷಣ್ಣನವರೇ ಹೇಳಿದರೆಂಬ ಮಾತುಂಟು. ಚೌಡಯ್ಯನವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಜೋಡಿಯಾಗಿ ಕೂಡಿಸಿ 1927ರ ವೇಳೆಗೆ ಏಳು ತಂತಿಯ ಪಿಟೀಲನ್ನು ಕಛೇರಿಗೆ ತಂದರು. ಆ ಧ್ವನಿಯ ಗಾಂಭೀರ್ಯವನ್ನು ಕೇಳಿದವರು ಕೊಂಡಾಡಿದ್ದಾರೆ. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಅವರಿಗೆ ಸಂದಿತು. ಆದರೆ ವಿಮರ್ಶಕನು ಆ ಗಾಂಭೀರ್ಯದ ಬೆಲೆಯನ್ನೂ ಎಣಿಸಬೇಕು. ಜೋಡಿ ತಂತಿಗಳು ಒಂದೇ ಕಮಾನಿನ ಕೆಳಗೆ ಒಂದಾಗಿ ನುಡಿಯಬೇಕು. ಒಂದು ಹೊಸದು, ಒಂದು ಹಳೆಯದಾದರೆ ಒಂದರ ಉಪಸ್ವರಗಳು ಉಜ್ಜ್ವಲ, ಇನ್ನೊಂದರವು ಮಂಕು. ಒಂದು ಇಳಿಯುತ್ತಲಿರುತ್ತದೆ, ಇನ್ನೊಂದು ನಿಂತಿರುತ್ತದೆ. ಮಧ್ಯೆ ಅಲೆಯಲೆಯಾಗಿ ಕಂಪವೇಳುತ್ತದೆ. ಮೇಲಾಗಿ ಪಿಟೀಲಿನಲ್ಲಿ ಬೆರಳಿನ ಜಿಡ್ಡಿನ ಜೊತೆಗೆ ಕಮಾನಿನ ರಾಳದ ಪುಡಿಯೂ ತಂತಿಗೆ ಮೆತ್ತುವುದು. ನಾಲ್ಕು ತಂತಿಯವನು ಒಂದನ್ನು ಬದಲಿಸಿ ಕಛೇರಿಗೆ ಹೊರಡಬಹುದು. ಏಳು ತಂತಿಯವನಿಗೆ ಆ ಸ್ವಾತಂತ್ರ್ಯವಿಲ್ಲ, ಜೋಡಿಗಳನ್ನು ಒಂದೇ ವಯಸ್ಸಿನವಾಗಿ ಸಾಕಬೇಕು. ಅದನ್ನು ಕಛೇರಿಯಿಂದ ಕಛೇರಿಗೆ ನಿರ್ವಹಿಸಿದ ಶಿಸ್ತನ್ನು ಅವರ ಕೈಚಳಕಕ್ಕಿಂತ ಕಡಮೆಯದೆಂದು ನಾನು ಭಾವಿಸಲಾರೆ. ಧ್ವನಿವರ್ಧಕವು ಬಂದ ಮೇಲೆ ಆ ವಾದ್ಯವು ವಿರಳವಾದುದಕ್ಕೆ ಈ ದುಡಿಮೆಯೂ ಒಂದು ಕಾರಣವಿದ್ದೀತು. ಬೆಂಗಳೂರಿನಲ್ಲಿ 1980ರಲ್ಲಿ ಅವರ ಸ್ಮರಣೆಗೆಂದು ತೆರೆದ ಸಭಾಂಗಣವೂ ಪಿಟೀಲಿನ ಆಕಾರದ್ದೇ; ತಂತಿ ಬದಲಿಸುವ ಕಷ್ಟವಿಲ್ಲದ ಪಿಟೀಲು ಅದೊಂದೇ.

ಇಷ್ಟರಿಂದ ನಾನು ತಲಪಿದ ತೀರ್ಪು ಇದು. ಹೊಸ ತಂತಿಯ ಕಾಂತಿಯನ್ನು ಗುಣವೆಂದೂ ಅದರ ಇಳಿತವನ್ನು ದೋಷವೆಂದೂ ಎಣಿಸುವುದು ಅವಿಚಾರ. ಹಳೆಯ ತಂತಿಯ ಮಂಕನ್ನು ಮಾಧುರ್ಯವೆಂದು ಪೂಜಿಸುವುದು ಆತ್ಮವಂಚನೆ. ಕಾಂತಿಯು ರುಚಿಯ ಮಾತು, ಶ್ರುತಿಶುದ್ಧಿಯು ಸತ್ಯದ ಮಾತು. ವೇಗದ ತಾಳಗತಿಗೆ ಆರೂ ತಂತಿಗಳನ್ನು ಒಟ್ಟಿಗೆ ಬಾರಿಸುವವನಿಗೆ ಮೊದಲ ವಾರದ ಹೊಳಪು ಬೇಕೆನಿಸಿದರೆ ಅದರಲ್ಲಿ ತಪ್ಪಿಲ್ಲ. ಒಂದೊಂದೇ ಸ್ವರವನ್ನು ಎಳೆದು ಆಡಿಸುವವನಿಗೆ ಮೂರನೆಯ ವಾರವೇ ಒಪ್ಪುವುದು. ಆದರೆ ಸ್ವರವು ಸುಳ್ಳುಹೇಳತೊಡಗಿದ ದಿನ ಇಬ್ಬರೂ ಒಂದೇ ಕೆಲಸ ಮಾಡಬೇಕು. ಆ ದಿನವನ್ನು ಅರಿಯಲು ಪಂಡಿತರು ಬೇಡ. ಗಿಟಾರಿನಲ್ಲಾಗಲಿ ವೀಣೆಯಲ್ಲಾಗಲಿ ಹನ್ನೆರಡನೆಯ ಮೆಟ್ಟಿಲು ಮೇಲಿನ ಷಡ್ಜದ ಸ್ಥಾನ. ಅಲ್ಲಿ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಮೊದಲು ಒಂದಾಗಿದ್ದು ಈಗ ಬೇರೆಬೇರೆಯಾಗಿ ಕೇಳಿಸಿದರೆ, ವೀಣೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಕದಲಿಲ್ಲವೆಂದು ಖಚಿತಮಾಡಿಕೊಂಡ ಮೇಲೆ, ತಂತಿಯ ಆಯುಷ್ಯ ತೀರಿತೆಂದೇ ತಿಳಿಯಬೇಕು. ಕಛೇರಿಯಿರುವವರು ಹೊಸ ತಂತಿಯನ್ನು ನಾಲ್ಕೈದು ದಿನ ಮುಂಚೆ ಏರಿಸಲಿ. ನುಡಿಸಿ ಮುಗಿಸಿದ ಮೇಲೆ ಒಣಬಟ್ಟೆಯಿಂದ ಒರಸಲಿ.

ಜಾತ್ರೆ ಮುಗಿದ ಮರುದಿನ ಹುಡುಗನೂ ನಾನೂ ವೀಣೆಯನ್ನು ಕೆಳಗಿಳಿಸಿ ಪರೀಕ್ಷಿಸಿದೆವು. ಸಾರಣಿಯೂ ಪಂಚಮವೂ ಸೋತಿದ್ದುವು. ಮಂದ್ರ, ಅನುಮಂದ್ರಗಳು ಒರಸಿದ ಮೇಲೆ ಇನ್ನೂ ನಿಜ ನುಡಿಯುತ್ತಿದ್ದುವು. ಸೋತ ಎರಡನ್ನು ಬದಲಿಸಿದೆವು. ತೆಗೆದ ಸಾರಣಿಯನ್ನು ಅಕ್ಕ ಅತ್ತೆಯವರ ಕುಂಕುಮದ ಭರಣಿಯ ಪಕ್ಕದಲ್ಲಿ ಸುತ್ತಿಟ್ಟಿದ್ದಾಳೆ. ಅದಕ್ಕೆ ತಕ್ಕ ಸ್ಥಳ ಅದೇ. ಓದುಗರ ಮನೆಯ ಗೋಡೆಯ ಮೇಲೆಯೂ ಒಂದು ವೀಣೆಯಿದ್ದೀತು. ಅದನ್ನು ಈ ವಾರವೇ ಇಳಿಸಿ, ಹನ್ನೆರಡನೆಯ ಮೆಟ್ಟಿಲಿನಲ್ಲಿ ಒಮ್ಮೆ ಕೇಳಿ ನೋಡಿರಿ.